ನಕ್ಷತ್ರದ ವಿಳಾಸ ಕೇಳುತ್ತಿದ್ದ ಮೇಷ್ಟ್ರು

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಉಳಿದ ಒಂಬತ್ತನ್ನೂ ಭಾನುವಾರಕ್ಕೊಮ್ಮೆ ಕತ್ತರಿಸಿಕೊಳ್ಳುತ್ತಿದ್ದರು. ಇದೊಂದನ್ನು ಮಾತ್ರ ಬೆಳೆಸಿ, ಅಂಚನ್ನು ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ನೇರ ಮಾಡಿಟ್ಟುಕೊಂಡಿದ್ದರು. ಕಾಗದ ಹರಿಯಲು ಅವರಿಗೆ ಕತ್ತರಿ ಬೇಕಿರಲಿಲ್ಲ. ಹಾಳೆಯನ್ನು ಮಡಚಿ, ಮಡಿಕೆಯ ಮೇಲೆ ಆ ಉಗುರನ್ನು ಒಮ್ಮೆ ಎಳೆದರೆ ಸರ್ರನೆ ಎರಡಾಗುತ್ತಿತ್ತು. ನಮ್ಮ ಉತ್ತರಪತ್ರಿಕೆಗಳಲ್ಲಿ ತಪ್ಪು ಉತ್ತರವಿದ್ದ ಭಾಗವನ್ನೆಲ್ಲ ಹೀಗೆ ಬಿಡಿಸಿ ಕಿಟಕಿಯಿಂದ ಹೊರಗೆ ಹಾಕಿ, ಸರಿಯಿದ್ದ ಚೂರನ್ನು ಮಾತ್ರ ಕೈಗೆ ಕೊಡುತ್ತಿದ್ದರು. ನನಗೊಮ್ಮೆ ಎರಡು ಬೆರಳಗಲದ ಚೂರು ಸಿಕ್ಕಿತ್ತು. ಅದಕ್ಕೆ ಅಮ್ಮನ ಸಹಿ ಹಾಕಿಸಿಕೊಂಡು ಬರಬೇಕಿತ್ತು.

ಅವರು ಒಳ್ಳೆಯವರಾಗಿದ್ದರು ಎಂದು ಬರೆಯಲು ನಾನು ಕೂತಿಲ್ಲ. ನಾನೂ ಒಳ್ಳೆಯವಳಲ್ಲ. ಆದರೆ ಅವರ ಬಗ್ಗೆ ಬರೆಯಬಲ್ಲವರು ನನ್ನನ್ನು ಬಿಟ್ಟರೆ ಇನ್ನೊಬ್ಬರಿದ್ದಾರೆ, ಅವರು ಬರೆಯುವುದಿಲ್ಲ.

ತಮಿಳುನಾಡಿನ ಗಡಿಯೊಳಗೆ, ಗುಮ್ಮಳಾಪುರದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಅವರು ವಿಜ್ಞಾನದ ಮೇಷ್ಟ್ರು. ಬಸ್ಸಿನ ಬೋರ್ಡು ತಮಿಳು, ಸಂತೆಯ ಮಾತು ಅರ್ಧ ತೆಲುಗು, ಒಳಗೆ ನಾವು ಹದಿನಾಲ್ಕು ಮಕ್ಕಳು ಕನ್ನಡದಲ್ಲಿ ಗ್ರಹಣ ಕಲಿಯುತ್ತಿದ್ದೆವು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಇಲ್ಲ ಅನ್ನಲಾರೆ. ಪಾಠದಾಚೆಗೆ ಅವರಿಗಿದ್ದದ್ದು ಒಂದೇ ಹುಚ್ಚು. ವೈಜ್ಞಾನಿಕ ಕಥೆಗಳ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಒಂದೊಂದು ಸಂಚಿಕೆಗೂ ಒಂದೇ ಪ್ರತಿ. ಅದನ್ನು ಹೊಲಿದು, ರಟ್ಟು ಹಾಕಿ, ಮನೆಯಿಂದ ಮನೆಗೆ, ಊರಿಂದ ಊರಿಗೆ ಕಳಿಸುತ್ತಿದ್ದರು. ಓದಿದವರು ಕೊನೆಯ ಹಾಳೆಯಲ್ಲಿ ಸಹಿ ಹಾಕಿ ಮುಂದಿನವರಿಗೆ ದಾಟಿಸಬೇಕು, ಸುತ್ತು ಮುಗಿದ ಮೇಲೆ ಅದು ಮೇಷ್ಟ್ರ ಮನೆಗೇ ಮರಳುತ್ತಿತ್ತು. ಊರ ಅಕ್ಕಸಾಲಿಗರಿಂದ ಹಿಡಿದು ಹೊಸೂರಿನ ಕಾರ್ಖಾನೆಗೆ ಹೋಗುವವರವರೆಗೆ ಅದರಲ್ಲಿ ಬರೆದಿದ್ದರು.

ಪತ್ರಿಕೆಗೆ ಒಂದು ಕಟ್ಟಳೆ ಇತ್ತು. ಕಥೆಯಲ್ಲಿ ಬರುವ ಬೇರೆ ಲೋಕ ಯಾವ ನಕ್ಷತ್ರದ ಸುತ್ತ ಸುತ್ತುತ್ತದೆ ಎಂದು ಹೇಳಲೇಬೇಕು. ಅದೂ ರೋಹಿಣಿ, ಚಿತ್ತೆಯಂಥ ಹೆಸರಾಂತ ನಕ್ಷತ್ರಗಳು ಕೂಡದು. ಅವೆಲ್ಲ ಪಂಚಾಂಗದವರ ಪಾಲು ಎನ್ನುತ್ತಿದ್ದರು. ಮೇಷ್ಟ್ರ ಹತ್ತಿರ ಒಂದು ದೊಡ್ಡ ನಕ್ಷತ್ರಪಟದ ಪುಸ್ತಕವಿತ್ತು, ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು, ಮೊದಲ ಹಾಳೆ ಇಲ್ಲದ್ದು. ಕಥೆ ಬರೆದವರು ಅವರ ಮನೆಗೆ ಬಂದು, ಆ ಪಟದಲ್ಲಿ ಹೆಸರಿಲ್ಲದ ಒಂದು ಚುಕ್ಕಿಯ ಮೇಲೆ ಬೆರಳಿಡಬೇಕು. ಊರಿಗೆ ಅಕ್ಷಾಂಶ, ರೇಖಾಂಶ ಇರುವ ಹಾಗೆ ನಕ್ಷತ್ರಕ್ಕೂ ಎರಡು ಅಂಕಿಗಳಿರುತ್ತವೆ. ಅವನ್ನು ಅಳೆದು ಕಥೆಯ ಕೊನೆಯ ಸಾಲಾಗಿ ತಾವೇ ಬರೆಯಬೇಕು. ಅದಕ್ಕೆ ಮೇಷ್ಟ್ರು ವಿಳಾಸ ಎನ್ನುತ್ತಿದ್ದರು.

"ವಿಳಾಸ ಇಲ್ದಿದ್ರೆ ಕಾಗ್ದಾನೇ ತಲುಪಾಕಿಲ್ಲ, ಕಥೆ ಹೆಂಗೆ ತಲುಪ್ತದೆ?" ಇದು ಅವರ ಬಾಯಿಪಾಠದ ಮಾತು.

ಈ ಕಟ್ಟಳೆ ಗೊತ್ತಿಲ್ಲದೆ ಒಂಬತ್ತನೇ ತರಗತಿಯಲ್ಲಿ ನಾನೊಂದು ಕಥೆ ಬರೆದುಕೊಟ್ಟೆ. ಎರಡು ಚಂದ್ರರಿರುವ ಲೋಕ, ಅಲ್ಲಿ ನೀರು ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಮೇಷ್ಟ್ರು ಅದನ್ನು ಇಡೀ ತರಗತಿಗೆ ರಾಗ ಎಳೆದು ಓದಿದರು. ಮಕ್ಕಳು ನಕ್ಕರು. ಓದಿ ಮುಗಿಸಿ ಕೇಳಿದರು.

"ಇದು ಯಾವ ನಕ್ಷತ್ರದಾಗೆ ಐತಮ್ಮಿ?"

"ಎಲ್ಲೋ ದೂರದಲ್ಲಿ ಸಾರ್."

"ಎಲ್ಲೋ ಅಂದ್ರೆ? ನಿಮ್ಮಪ್ಪ ಎಲ್ಲವ್ನೆ ಅಂದ್ರೂ ಎಲ್ಲೋ ಅಂತೀಯ, ಕಥೆ ಎಲ್ಲೈತೆ ಅಂದ್ರೂ ಎಲ್ಲೋ ಅಂತೀಯ."

ನಮ್ಮಪ್ಪ ಹಿಂದಿನ ವರ್ಷ ಮನೆ ಬಿಟ್ಟು ಹೋಗಿದ್ದ. ಎಲ್ಲಿದ್ದಾನೆಂದು ನಮಗಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಇಡೀ ಊರಿಗೆ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಈ ಸಲ ಮಕ್ಕಳು ನಗಲಿಲ್ಲ. ಅವರು ನನ್ನ ಕಥೆಯನ್ನು ಮಡಚಿ ಉಗುರೆಳೆದರು. ಮಾರನೇ ತಿಂಗಳು ನಾನು ಅದೇ ಕಥೆಯನ್ನು ಮತ್ತೆ ಬರೆದು, ಪಟದಲ್ಲಿ ಬೆರಳಿಟ್ಟು, ವಿಳಾಸ ಹಾಕಿ ಕೊಟ್ಟೆ. ಒಂದಕ್ಷರ ತಿದ್ದದೆ ಪತ್ರಿಕೆಗೆ ಹಾಕಿಕೊಂಡರು. ಅಪ್ಪನ ಬಗ್ಗೆ ಆಡಿದ ಮಾತಿಗೆ ಅವರು ಯಾವತ್ತೂ ವಿಷಾದಪಡಲಿಲ್ಲ, ನಾನು ಯಾವತ್ತೂ ಮರೆಯಲಿಲ್ಲ.

ಹಾಗಿದ್ದೂ ಅವರ ಮನೆಗೆ ಯಾಕೆ ಹೋಗುತ್ತೀಯ ಎಂದು ಅಮ್ಮ ಕೇಳುತ್ತಿದ್ದಳು. ನಾನು ಡಿಪ್ಲೊಮಾ ಮುಗಿಸಿ, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಅಲ್ಲಿ ವರದಿಗಳಿಗಾಗಿ ಚಿಕ್ಕಪುಟ್ಟ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು, ಪತ್ರಿಕೆ ನಿಂತು ವರ್ಷಗಳಾಗಿದ್ದವು, ಹೆಂಡತಿ ತೀರಿಕೊಂಡಿದ್ದರು. ಒಂದು ದಿನ ನಾನು ಫ್ಯಾಕ್ಟರಿ ಬಸ್ಸಿಳಿಯುವಾಗ ಸ್ಟಾಪಿನಲ್ಲೇ ನಿಂತಿದ್ದರು.

"ಅಮ್ಮಿ, ನಿಜವಾದ ಆಕಾಶಕ್ಕೂ ನಮ್ಮ ಕಥೆಗುಳ್ಗೂ ದಾರಿ ಮಾಡ್ಬೇಕು. ಫೋನ್ನಾಗೆ ಒಂದು ಚುಕ್ಕಿ ಮುಟ್ಟಿದ್ರೆ ಅಲ್ಲಿ ನಡ್ಯೋ ಕಥೆ ತೆರ್ಕಳ್ಳಬೇಕು. ನಿಂಗೆ ಬತ್ತದಾ?"

ಬರುತ್ತದೆ ಎಂದೆ. ಬೈದವರೇ ಬಂದು ಬಾಗಿಲು ತಟ್ಟಿದರೆ ಯಾರಿಗೆ ತಾನೇ ಹಿಗ್ಗಾಗುವುದಿಲ್ಲ?

ಅಲ್ಲಿಂದ ಭಾನುವಾರಗಳೆಲ್ಲ ಅವರ ಮನೆಯ ಜಗಲಿಯಲ್ಲೇ ಕಳೆದವು. ಲಕ್ಷಾಂತರ ನಕ್ಷತ್ರಗಳ ಪಟ್ಟಿ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಅದನ್ನು ಇಳಿಸಿಕೊಂಡು ಪ್ರೋಗ್ರಾಂ ಬರೆದೆ. ಕಥೆಯ ಕೊನೆಯಲ್ಲಿರುವ ಎರಡು ಅಂಕಿಗಳನ್ನು ಹೊಡೆದರೆ ಅದು ಆಕಾಶದ ಆ ಜಾಗದಲ್ಲಿ ನಕ್ಷತ್ರ ಹುಡುಕುತ್ತದೆ. ಸಿಕ್ಕಿದರೆ ಕಥೆಯನ್ನು ಅದಕ್ಕೆ ಗಂಟು ಹಾಕುತ್ತದೆ. ಆ ನಕ್ಷತ್ರ ಎಷ್ಟು ದೂರ, ಎಷ್ಟು ಬಿಸಿ ಎಂಬುದು ಒಂದು ಕಡೆ, ಕಥೆಗಾರ ಕಟ್ಟಿದ ಲೋಕ ಇನ್ನೊಂದು ಕಡೆ. ಇದನ್ನು ಎಲ್ಲ ಶಾಲೆಗಳಿಗೂ ಕೊಡಬೇಕೆಂಬುದು ಮೇಷ್ಟ್ರ ಆಸೆ. ಬದುಕಿನಲ್ಲಿ ಉಳಿದಿರುವುದು ಇದೊಂದೇ ಎಂದು ಬಾಯಿಬಿಟ್ಟೇ ಹೇಳಿದ್ದರು.

ಮೊದಲ ದಿನವೇ ಕಥೆಗಳು ಬಿದ್ದುಹೋಗತೊಡಗಿದವು. ಒಂದರ ವಿಳಾಸದಲ್ಲಿ ನಕ್ಷತ್ರ ಸಿಕ್ಕರೆ ಇನ್ನೊಂದರಲ್ಲಿ ಬರೀ ಕತ್ತಲು. ಮೇಷ್ಟ್ರಿಗೆ ಮೊದಲು ಬೇಸರವಾಯಿತು, ಆಮೇಲೆ ಹುರುಪು ಬಂತು. ಅಳೆಯುವ ಸೋಮಾರಿತನಕ್ಕೆ ಇವರೆಲ್ಲ ಬಾಯಿಗೆ ಬಂದ ಅಂಕಿ ಬರೆದಿದ್ದಾರೆ, ಇಷ್ಟು ವರ್ಷ ತನ್ನನ್ನು ಮಂಗ ಮಾಡಿದ್ದಾರೆ ಎಂದು ತೀರ್ಮಾನಿಸಿಬಿಟ್ಟರು. ನಕ್ಷತ್ರ ಸಿಗದ ಕಥೆಯ ಹಾಳೆಗಳನ್ನು ಪತ್ರಿಕೆಯಿಂದ ಉಗುರಿನಲ್ಲೇ ಬಿಡಿಸಿ, ಲಕೋಟೆಗೆ ಹಾಕಿ, ಜೊತೆಗೊಂದು ಕಾರ್ಡು ಬರೆದು ಕಥೆಗಾರರಿಗೆ ವಾಪಸ್ಸು ಕಳಿಸುತ್ತಿದ್ದರು. ಅಕ್ಕಸಾಲಿಗರಿಗೆ ಬರೆದದ್ದು ನೆನಪಿದೆ: "ಚಿನ್ನದಲ್ಲಿ ತಾಮ್ರ ಬೆರೆಸುವುದು ಸಾಲದೆಂದು ಆಕಾಶದಲ್ಲೂ ಬೆರೆಸಿದ್ದೀರಿ." ಲಕೋಟೆಗಳನ್ನು ಹೊಸೂರಿನಲ್ಲಿ ಅಂಚೆಗೆ ಹಾಕುವುದು ನನ್ನ ಕೆಲಸ. ಬಸ್ಸಿನಲ್ಲಿ ಕಾರ್ಡುಗಳನ್ನು ಓದಿಕೊಂಡು ನಗುತ್ತಿದ್ದೆ. ನನ್ನ ಕಥೆಗೆ ನಕ್ಷತ್ರ ಸಿಕ್ಕಿತ್ತು, ನಗಲು ನನಗೇನು ಅಡ್ಡಿ.

ಹೀಗೆ ಹೋದ ಇಪ್ಪತ್ತಮೂರು ಕಥೆಗಳಲ್ಲಿ ಒಂದು ಅಂಚೆಟ್ಟಿ ಕಡೆಯ ಪೋಸ್ಟ್‌ಮ್ಯಾನ್‌ದು. ಮೇಷ್ಟ್ರಿಗೆ ಗೆಳೆಯ ಅಂತ ಇದ್ದವರು ಅವರೊಬ್ಬರೇ. ಮೂವತ್ತು ವರ್ಷ ಗುಡ್ಡದ ಹಳ್ಳಿಗಳಿಗೆ ನಡೆದೇ ಕಾಗದ ಹಂಚಿದವರು, ಕಾಗದದ ಚೀಲದಲ್ಲೇ ನಮ್ಮ ಪತ್ರಿಕೆಯನ್ನೂ ಹೊತ್ತು ಕಾಡೂರುಗಳಿಗೆ ಮುಟ್ಟಿಸಿದವರು. ಅವರ ಏಳು ವರ್ಷದ ಮಗಳಿಗೆ ಜ್ವರ ಏರಿದ ದಿನ ಬಸ್ಸು ಬರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಡೆಂಕಣಿಕೋಟೆಯ ಕಡೆಗೆ ನಡೆದರು. ಹೆಗಲ ಮೇಲೇ ಹೋಯಿತು ಮಗು. ಅದಾದ ವರ್ಷ ಅವರು ಒಂದು ಕಥೆ ಬರೆದರು, ಅದೇ ಮೊದಲು ಅದೇ ಕೊನೆ. ಕಾಲು ಗಂಟೆಗೊಂದು ಬಸ್ಸು ಬರುವ ಒಂದು ಲೋಕ, ಆ ಬಸ್ಸಿನಲ್ಲಿ ಒಂದು ಹೆಣ್ಣುಮಗು ಹೋಗುತ್ತಿರುತ್ತದೆ. ಇಷ್ಟು ನನಗೆ ಮೇಷ್ಟ್ರು ಹೇಳಿ ಗೊತ್ತು. ಕಥೆಯನ್ನು ನಾನು ಓದಿರಲಿಲ್ಲ. ಶೀರ್ಷಿಕೆ ಮತ್ತು ಕೊನೆಯ ಸಾಲಿನ ಅಂಕಿಗಳನ್ನಷ್ಟೇ ಪ್ರೋಗ್ರಾಂಗೆ ಹೊಡೆಯುತ್ತಿದ್ದೆ.

ಅವರಿಗೆ ಹೋದ ಕಾರ್ಡು ಇದು: "ನೀನು ಕೊಟ್ಟ ವಿಳಾಸದಲ್ಲಿ ನಕ್ಷತ್ರ ಇಲ್ಲ. ಮೂವತ್ತು ವರ್ಷ ಕಾಗದ ಹಂಚಿದವನಿಗೆ ಒಂದು ವಿಳಾಸ ಬರೆಯಲು ಬರಲಿಲ್ಲ. ಇಲ್ಲದ ಊರಿಗೆ ಬಸ್ಸು ಬಿಟ್ಟಿದ್ದೀಯ. ಪುಟಗಳನ್ನು ಹಿಂತಿರುಗಿಸಿದ್ದೇನೆ."

ಅದನ್ನು ಅಂಚೆಗೆ ಹಾಕಿದವಳೂ ನಾನೇ. ಆ ಸಲ ನಗಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ನಕ್ಕಿದ್ದೆ.

ಮೇಷ್ಟ್ರು ತಮ್ಮ ಕಥೆಗಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಹನ್ನೊಂದು ಕಥೆ, ಎಲ್ಲವೂ ಒಂದೇ ನಕ್ಷತ್ರದ ಒಂದೇ ಗ್ರಹದಲ್ಲಿ ನಡೆಯುವಂಥವು. ಆ ಗ್ರಹಕ್ಕೆ ಬೆಟ್ಟ, ಹೊಳೆ, ಭಾಷೆ ಎಲ್ಲ ಕೊಟ್ಟಿದ್ದರು. ಆ ಭಾನುವಾರ ಮುಖಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತರು. ಅಂಕಿ ಹೊಡೆದೆ. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಹೊಡೆಯಲು ಹೇಳಿದರು, ಹೊಡೆದೆ. ಮೂರನೇ ಸಲ ತಾವೇ ಹೊಡೆದರು.

"ಇಲ್ಲ ಅಲ್ವಾ?"

"ಇಲ್ಲ ಸಾರ್."

ಹನ್ನೊಂದು ಕಥೆಗಳ ಹಾಳೆಗಳನ್ನೂ ಒಂದೊಂದಾಗಿ ಬಿಡಿಸಿದರು. ಲಕೋಟೆಗೆ ಹಾಕಿ ತಮ್ಮದೇ ವಿಳಾಸ ಬರೆದರು. ಕಾರ್ಡನ್ನೂ ಬರೆದರು. ಅವರು ನ್ಯಾಯವಂತರೇ ಬಿಡಿ, ತಮಗೊಂದು ಪರರಿಗೊಂದು ಮಾಡಿದವರಲ್ಲ. ಸೋಮವಾರ ಬೆಳಗ್ಗೆ ನಾನು ಅದನ್ನು ಅಂಚೆಗೆ ಹಾಕಿದೆ.

ಮಂಗಳವಾರ ಕಾರ್ಖಾನೆಯಲ್ಲಿ ನನ್ನ ಮೇಜಿಗೆ ಬಂದ ಪೀಸುಗಳೆಲ್ಲ ತಪ್ಪು ಅಳತೆ ತೋರಿಸಿದವು. ಹಾಗಾದಾಗ ನಾವು ಪೀಸನ್ನು ಬಯ್ಯುವುದಿಲ್ಲ, ಮೊದಲು ಅಳತೆಗೋಲನ್ನು ನೋಡುತ್ತೇವೆ. ಅಳತೆ ಖಚಿತವಾಗಿ ಗೊತ್ತಿರುವ ಒಂದು ಉಕ್ಕಿನ ಬಳೆ ಇರುತ್ತದೆ, ಮಾಸ್ಟರ್ ಪೀಸ್ ಎನ್ನುತ್ತೇವೆ. ಅಳತೆಗೋಲನ್ನು ಅದಕ್ಕೆ ಹಿಡಿದು ಸರಿಮಾಡಿಕೊಳ್ಳುತ್ತೇವೆ. ದಿನಾ ಬೆಳಗ್ಗೆ ನಾನು ಮಾಡುವ ಮೊದಲ ಕೆಲಸ ಅದು. ಬಳೆಯನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟೆ. ಅಷ್ಟು ಕಥೆಗಳು ಬಿದ್ದುಹೋದರೂ ನಾನು ಮೇಷ್ಟ್ರ ಪಟವನ್ನೇ ಒಮ್ಮೆ ಪರೀಕ್ಷೆ ಮಾಡಿರಲಿಲ್ಲ.

ಊಟದ ಬಿಡುವಿನಲ್ಲಿ ಫೋನಿನಲ್ಲಿದ್ದ ಪಟದ ಚಿತ್ರ ತೆಗೆದು ರೋಹಿಣಿಯ ಅಂಕಿಗಳನ್ನು ಹೊಸ ಪಟ್ಟಿಗೆ ಹೋಲಿಸಿದೆ. ಹೊಂದಲಿಲ್ಲ. ಬೇರೆ ನಾಲ್ಕು ದೊಡ್ಡ ನಕ್ಷತ್ರ ನೋಡಿದೆ, ಅವೂ ಹೊಂದಲಿಲ್ಲ. ಭೂಮಿ ಬುಗುರಿಯ ಹಾಗೆ ನಿಧಾನವಾಗಿ ತಲೆ ತೂಗುತ್ತದೆ, ಅದರಿಂದ ನಕ್ಷತ್ರಗಳ ಅಂಕಿಗಳು ವರ್ಷ ಕಳೆದಂತೆ ಸರಿಯುತ್ತವೆ. ಇದನ್ನು ತರಗತಿಯಲ್ಲಿ ನಿಜವಾದ ಬುಗುರಿ ಬಿಟ್ಟು ತೋರಿಸಿದವರು ಮೇಷ್ಟ್ರೇ. ಸರಿದ ಅಂತರ ಲೆಕ್ಕ ಹಾಕಿದರೆ ಅವರ ಪಟ ಸಾವಿರದ ಒಂಬೈನೂರ ಐವತ್ತರ ಲೆಕ್ಕದ್ದು, ನನ್ನ ಪಟ್ಟಿ ಎರಡು ಸಾವಿರದ ಇಸವಿಯ ಲೆಕ್ಕದ್ದು. ಇಸವಿ ಬರೆದಿದ್ದ ಮೊದಲ ಹಾಳೆಯೇ ಪಟದಲ್ಲಿ ಇರಲಿಲ್ಲ. ಯಾರೂ ಸುಳ್ಳು ಬರೆದಿರಲಿಲ್ಲ. ಸಿಕ್ಕಿದ್ದ ನಕ್ಷತ್ರಗಳೂ ಪಕ್ಕದ ಮನೆಯವು, ನನ್ನದೂ ಸೇರಿ.

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಎಲ್ಲೋ ಅಂದ್ರೆ ಎಲ್ಲಿ ಎಂದು ಹದಿನಾಲ್ಕು ಮಕ್ಕಳ ಮುಂದೆ ಕೇಳಿದ್ದರಲ್ಲ, ಈಗ ಅವರ ಲೋಕಕ್ಕೇ ವಿಳಾಸವಿಲ್ಲ. ಸ್ವಲ್ಪ ದಿನ ಇರಲಿ ಎನ್ನಿಸಿತು.

ಮುಂದಿನ ಭಾನುವಾರ ಹೋದೆ. ತಾವೇ ತಮಗೆ ಬರೆದುಕೊಂಡ ಕಾರ್ಡು ತಲುಪಿತ್ತು, ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಹಿಂದಿನ ವಾರದ ಅಂಗಿಯೇ ಮೈಮೇಲಿತ್ತು. ತಟ್ಟೆಯಲ್ಲಿ ಮುದ್ದೆ ಮುಟ್ಟದೆ ಒಣಗಿತ್ತು.

"ನಾನೂ ಸುಳ್ಳು ಬರ್ದ್‌ಬುಟ್ನೇನಮ್ಮಿ? ಅಳ್ದಿದ್ದು ಗ್ಯಾಪ್ಕ ಐತೆ. ಮೂರು ಸಲ ಅಳ್ದಿದ್ದೆ."

"ಇದ್ದಿದ್ರೆ ಸಿಕ್ತಿತ್ತು ಸಾರ್" ಎಂದೆ.

ಅವರ ಕೆಳತುಟಿ ಒಂದು ಕಡೆಗೆ ಜೋತಿತ್ತು. ಕಣ್ಣು ನನ್ನ ಮುಖದ ಮೇಲಿತ್ತು, ನಾನೇನಾದರೂ ಹೇಳಿಯೇನು ಎಂದು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಕಾಫಿ ಮಾಡಿಕೊಟ್ಟು ಬಂದೆ.

ಅದರ ಮುಂದಿನ ಭಾನುವಾರ ನೋಡುವಷ್ಟು ನೋಡಿಯಾಗಿತ್ತು. ನಿಜ ಹೇಳಿದೆ. ಬುಗುರಿ ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ಅವರಿಗೆ ಎಲ್ಲ ಹೊಳೆಯಿತು. ತಮ್ಮ ಲೋಕ ಉಳಿಯಿತೆಂಬ ಸಂತೋಷಕ್ಕಾಗಿ ಅವರ ಮುಖ ನೋಡಿದೆ. ಅಲ್ಲಿ ಸಂತೋಷದ ಸುಳಿವೂ ಇರಲಿಲ್ಲ.

"ಇಪ್ಪತ್ಮೂರು ಜನ" ಎಂದರು. ಆಮೇಲೆ, "ನಿಂಗೆ ಯಾವಾಗ ಗೊತ್ತಾಯ್ತು?"

"ನೆನ್ನೆ ಸಾರ್."

"ನಾಳೆ ರಜ ಹಾಕು. ಮೊದ್ಲು ಅಂಚೆಟ್ಟಿಗೆ ಹೋಗಣ."

ಡೆಂಕಣಿಕೋಟೆಯಲ್ಲಿ ಬಸ್ಸು ಬದಲಿಸಿ ಅಂಚೆಟ್ಟಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಅಲ್ಲಿಂದ ಪೋಸ್ಟ್‌ಮ್ಯಾನ್ ಊರಿಗೆ ಬಸ್ಸಿಲ್ಲ. ಎರಡು ಗಂಟೆ ನಡೆದೆವು. ಮೇಷ್ಟ್ರು ನಾಲ್ಕು ಕಡೆ ಕೂತು ಸುಧಾರಿಸಿಕೊಂಡರು. ಪೋಸ್ಟ್‌ಮ್ಯಾನ್ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಎದ್ದು ಬಂದು, ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟರು. ಮೇಷ್ಟ್ರು ಲೋಟ ಕೆಳಗಿಟ್ಟು ನೇರ ವಿಷಯಕ್ಕೆ ಬಂದರು.

"ನಕ್ಷತ್ರ ಐತೆ ಕಣ್ಲಾ. ನಮ್ಮ ಪಟದ್ದೇ ತಪ್ಪು. ನೀನು ಸರಿಯಾಗೇ ಬರ್ದಿದ್ದೆ. ಪುಟ ಕೊಡು, ನನ್ನ ಕೈಯಾರ ತಿರುಗಾ ಹೊಲಿತೀನಿ."

ಪೋಸ್ಟ್‌ಮ್ಯಾನ್ ಕೈಗೆ ಮೆತ್ತಿದ್ದ ಹೊಲದ ಮಣ್ಣನ್ನು ಉಜ್ಜಿ ಉದುರಿಸಿದರು.

"ನಿಮ್ಮ ಕಾರ್ಡು ಬಂದ್ಮ್ಯಾಕೆ ಒಂದು ತಿಂಗ್ಳು ಪುಟ ಮಡೀಕಂಡಿದ್ದೆ ಮೇಷ್ಟ್ರೆ. ಬಂದು ಒಂದು ಮಾತಾಡ್ತೀರ ಅಂತಿದ್ದೆ. ಹೋದ ಗುರುವಾರ ಮಾಳಯ ಅಮಾಸೆ. ಮಗೀಗೆ ಎಡೆ ಇಕ್ಕಿ, ಒಂದು ಸಲ ಓದಿ, ಒಲೆಗೆ ಹಾಕ್ಬುಟ್ಟೆ. ಇಲ್ಲದ ಊರಾಗೆ ಮಗೀನ ಯಾಕೆ ಬುಟ್ಟಿರ್ಲಿ?"

ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಆ ಗುರುವಾರದ ಹೊತ್ತಿಗೆ ನನಗೆ ಗೊತ್ತಾಗಿ ಒಂಬತ್ತು ದಿನವಾಗಿತ್ತು.

"ಬಾಯ್ನಾಗೆ ಹೇಳು, ಈ ಅಮ್ಮಿ ಬರ್ಕಂತಾಳೆ" ಎಂದರು ಮೇಷ್ಟ್ರು.

"ನೀವು ಓದಿದ್ರಲ್ಲ, ನೀವೇ ಹೇಳಿ. ಮಗು ಯಾವ ಸ್ಟಾಪ್ನಾಗೆ ಇಳೀತು?"

ಮೇಷ್ಟ್ರು ಲೋಟವನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ನನ್ನ ಕಡೆ ನೋಡಿದರು. ನನಗೂ ಗೊತ್ತಿರಲಿಲ್ಲ. ಮೇಷ್ಟ್ರ ನೆನಪಿನಲ್ಲಿ ಉಳಿದಿದ್ದು ತಾವು ಕಾರ್ಡಿನಲ್ಲಿ ಹಂಗಿಸಿದ ಬಸ್ಸು ಮಾತ್ರ.

"ಮಜ್ಜಿಗೆ ಕುಡೀರಿ, ಬಿಸ್ಲಾಗೆ ಬಂದಿದ್ದೀರ" ಎಂದು ಪೋಸ್ಟ್‌ಮ್ಯಾನ್ ಹೊಲಕ್ಕೆ ಇಳಿದರು. ಮತ್ತೆ ತಿರುಗಿ ನೋಡಲಿಲ್ಲ.

ವಾಪಸ್ಸು ಬರುವಾಗ ಅಂಚೆಟ್ಟಿಯ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದೆವು. ಮೇಷ್ಟ್ರು ರಸ್ತೆಯನ್ನೇ ನೋಡುತ್ತ ಕೇಳಿದರು.

"ನಿಜ್ವಾಗ್ಲೂ ಶನಿವಾರಾನೇ ಗೊತ್ತಾಗಿದ್ದಾ?"

ಹೌದೆಂದಿದ್ದರೆ ನಂಬುತ್ತಿದ್ದರು. ಆದರೆ ಆ ಹೊಲದಿಂದ ಬಂದವಳಿಗೆ ಅದು ಬಾಯಿಗೆ ಬರಲಿಲ್ಲ.

"ಇಲ್ಲ ಸಾರ್. ನಿಮ್ಮ ಕಥೆ ಹೊಡೆದ ಮೂರನೇ ದಿನ."

"ಯಾಕ್ ಸುಮ್ಕಿದ್ದೆ?"

"ನಿಮ್ಮ ಮುಖ ನೋಡ್ಬೇಕಿತ್ತು ಸಾರ್."

"ನೋಡಿದ್ಯಾ?"

"ನೋಡ್ದೆ."

ತಲೆಯಾಡಿಸಿದರು. ಬಹಳ ಹೊತ್ತಿನ ಮೇಲೆ ಬಸ್ಸು ಬಂತು. ಹತ್ತುವಾಗ ಅವರ ರಟ್ಟೆ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಇಪ್ಪತ್ತಮೂರು ಜನಕ್ಕೂ ಕಾಗದ ಬರೆದರು, ನನ್ನ ಕೈಗೆ ಕೊಡದೆ ತಾವೇ ಹೋಗಿ ಅಂಚೆಗೆ ಹಾಕಿದರು. ಅಕ್ಕಸಾಲಿಗರು ತೀರಿಕೊಂಡಿದ್ದರು. ಕೆಲವರು ಪುಟಗಳನ್ನು ಕಳಿಸಿದರು, ಹೆಚ್ಚಿನವರು 'ಎಸೆದುಬಿಟ್ಟೆವು' ಎಂದರು. ನಾನು ಪ್ರೋಗ್ರಾಂ ತಿದ್ದಿದೆ. ಎಲ್ಲ ಕಥೆಗಳಿಗೂ ನಕ್ಷತ್ರ ಸಿಕ್ಕಿತು, ಒಂದೂ ತಪ್ಪಿರಲಿಲ್ಲ. ಪೋಸ್ಟ್‌ಮ್ಯಾನ್‌ದು ಮಿಥುನದ ಪಾದದ ಹತ್ತಿರದ ಒಂದು ಮಂಕು ಚುಕ್ಕಿ. ಈಗ ಅದನ್ನು ಮುಟ್ಟಿದರೆ ಶೀರ್ಷಿಕೆ ಬರುತ್ತದೆ, ಬರೆದವರ ಹೆಸರು ಬರುತ್ತದೆ, ಕೆಳಗೆ ಬಿಳಿ ಜಾಗ. ಶಾಲೆಗಳಲ್ಲಿ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ, ತೆರೆಯುತ್ತಿಲ್ಲ ಮಿಸ್ ಎನ್ನುತ್ತಾರೆ.

ಮೇಷ್ಟ್ರು ಸಂಕ್ರಾಂತಿ ಕಳೆದ ವಾರ ತೀರಿಕೊಂಡರು. ಹಾಲು ತರಲು ಹೋದವರು ಬಾಗಿಲಲ್ಲೇ ಬಿದ್ದರು. ಮಣ್ಣಿಗೆ ನಾವು ಒಂಬತ್ತು ಜನ ಇದ್ದೆವು. ಪೋಸ್ಟ್‌ಮ್ಯಾನ್ ಬರಲಿಲ್ಲ. ನಾನೇ ಸುದ್ದಿ ಕಳಿಸಿದ್ದೆ.

ಹುಣಸೆಹಣ್ಣಿನ ಕಾಲಕ್ಕೆ ಒಬ್ಬಳೇ ಪೋಸ್ಟ್‌ಮ್ಯಾನ್ ಊರಿಗೆ ಹೋದೆ. ಇನ್ನೊಮ್ಮೆ ಕಥೆ ಕೇಳೋಣ, ಸಾಧ್ಯವಾದರೆ ನನ್ನ ತಪ್ಪನ್ನೂ ಹೇಳಿಬಿಡೋಣ ಎಂದುಕೊಂಡೇ ಹೋಗಿದ್ದೆ. ಅವರು ಕಥೆಯ ಮಾತೆತ್ತಲು ಬಿಡಲಿಲ್ಲ. ಒಳಗಿನಿಂದ ಮೇಷ್ಟ್ರ ಕಾಗದ ತಂದು ನನ್ನ ಕೈಗಿಟ್ಟರು. ಅದೇ ನೆಟ್ಟನೆಯ ಅಕ್ಷರ.

"ಪಟ ತಪ್ಪೆಂದು ಗೊತ್ತಾದ ದಿನವೇ ಹುಡುಗಿ ನನಗೆ ಹೇಳಿದ್ದಳು. ನಾನು ನಂಬದೆ ಹನ್ನೆರಡು ದಿನ ಕೂತೆ. ನಂಬಿ ಮೊದಲೇ ಬಂದಿದ್ದರೆ ಪುಟಗಳು ಉಳಿಯುತ್ತಿದ್ದವು. ತಪ್ಪೆಲ್ಲ ನನ್ನದು."

ಎರಡು ಸಲ ಓದಿದೆ. ಒಂದು ಅಂಕಿ ತಪ್ಪಿದರೆ ಹಾಳೆ ಹರಿಯುತ್ತಿದ್ದ ಮನುಷ್ಯ ನನಗೋಸ್ಕರ ಇಷ್ಟು ದೊಡ್ಡ ಸುಳ್ಳನ್ನು, ದಿನಗಳ ಲೆಕ್ಕ ಕೂಡ ಹಾಕಿ, ನೆಟ್ಟಗೆ ಬರೆದಿದ್ದರು.

"ಗೊತ್ತಿದ್ದೂ ಬರ್ಲಿಲ್ಲ ನೋಡವ್ವ. ಅದ್ಕೇ ನಾನು ಮಣ್ಣಿಗೆ ಹೋಗ್ಲಿಲ್ಲ. ನನ್ನ ಮಗೀ ಪರವಾಗಿ ಬಾಯಿಬಿಟ್ಟೋಳು ನೀನೊಬ್ಳೇ."

ಕಾಗದವನ್ನು ಮಡಚಿ ಅವರ ಕೈಗೆ ವಾಪಸ್ಸು ಕೊಟ್ಟೆ. ಹೊರಡುವಾಗ ಒಂದು ಬುಟ್ಟಿ ಹೊಸ ಹುಣಸೆಹಣ್ಣು ಕೊಟ್ಟರು, ಬೀಜ ತೆಗೆದು, ನಾರು ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟಿದ್ದು. ತೆಗೆದುಕೊಂಡು ಬಂದೆ.

ಪ್ರತಿ ವರ್ಷ ಯಾರ ಕೈಲಾದರೂ ಕಳಿಸುತ್ತಾರೆ. ಈ ವರ್ಷವೂ ಬಂದಿದೆ. ನಮ್ಮ ಮನೆಯ ಸಾರಿಗೆ ಅದನ್ನೇ ಹಾಕುವುದು. ನಾನು ಅವರಿಗೆ ಇನ್ನೂ ಹೇಳಿಲ್ಲ.